ಜೀವವಿಲ್ಲದ ಹೆಪ್ಪು: ಪ್ರಿಯಾನ್ ಕಾಯಿಲೆ ಎಂದರೇನು, ಬೆಂಗಳೂರಿನ ಲ್ಯಾಬ್ ಅದರ ಬಗ್ಗೆ ಏನು ಕಂಡುಕೊಂಡಿತು?

"ಮಾಂಸ ತಿನ್ನುವವರೇ ಎಚ್ಚರ! ಮಿದುಳನ್ನು ಸ್ಪಂಜಿನಂತೆ ತೂತು ಮಾಡುವ ವೈರಸ್ ಬಂದಿದೆ. ಬೇಯಿಸಿದರೂ ಸಾಯುವುದಿಲ್ಲ. ಎಲ್ಲರಿಗೂ ಕಳಿಸಿ." ಇಂಥ ಧಾಟಿಯ ಫಾರ್ವರ್ಡ್ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೋ ಫ್ಯಾಕ್ಟರಿ ಶಿಫ್ಟಿನ ಗ್ರೂಪಿಗೋ ಬಂದಿರಬಹುದು. ಕೆಲವೊಮ್ಮೆ ಜೊಲ್ಲು ಸುರಿಸುತ್ತಾ ತೂರಾಡುವ ಜಿಂಕೆಯ ವಿಡಿಯೊ ಇರುತ್ತದೆ. ಕೆಲವೊಮ್ಮೆ ಲಸಿಕೆಯನ್ನು ದೂರುವ ಸಂದೇಶ ಇರುತ್ತದೆ.

ಇವುಗಳ ಹಿಂದೆ ಒಂದು ನಿಜವಾದ ಕಾಯಿಲೆ ಇದೆ. ಅದರ ಹೆಸರು ಪ್ರಿಯಾನ್ ಕಾಯಿಲೆ. ಅದು ಬಹಳ ಅಪರೂಪ, ಬಹಳ ಕ್ರೂರ. ಆದರೆ ಫಾರ್ವರ್ಡ್‌ಗಳು ಹೇಳುವ ಹಾಗಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ವರ್ಷಗಟ್ಟಲೆ ಕೆಲಸ ಮಾಡಿದ ವಿಜ್ಞಾನಿಗಳು ನಮ್ಮ ಬೆಂಗಳೂರಿನಲ್ಲೇ ಇದ್ದರು. ಈ ಲೇಖನದಲ್ಲಿ ಅವರ ಕೆಲಸವನ್ನೂ ಅದರಿಂದ ನಮಗೆ ನಿಮಗೆ ತಿಳಿಯಬೇಕಾದ್ದನ್ನೂ ಹೇಳುತ್ತೇವೆ.

ಮೊದಲು ಚುಟುಕಾಗಿ

• ಪ್ರಿಯಾನ್ ಎಂಬುದು ವೈರಸ್ ಅಲ್ಲ, ಬ್ಯಾಕ್ಟೀರಿಯಾ ಅಲ್ಲ. ಅದು ಆಕಾರ ಕೆಟ್ಟ ಪ್ರೋಟೀನ್.
• ರೋಗಿಯನ್ನು ಮುಟ್ಟಿದರೆ, ಅಪ್ಪಿಕೊಂಡರೆ, ಊಟ ಮಾಡಿಸಿದರೆ ಅದು ಹರಡುವುದಿಲ್ಲ.
• ಹೆಚ್ಚಿನ ರೋಗಿಗಳಲ್ಲಿ ಅದು ಊಟದಿಂದ ಬಂದದ್ದಲ್ಲ, ತಾನಾಗಿಯೇ ಶುರುವಾದದ್ದು.
• ಇದುವರೆಗೆ ಇದಕ್ಕೆ ಮದ್ದಿಲ್ಲ. ಆದರೆ ಇದರಂತೆಯೇ ಕಾಣುವ ಕೆಲವು ಕಾಯಿಲೆಗಳಿಗೆ ಮದ್ದಿದೆ. ಹಾಗಾಗಿ ತಡ ಮಾಡದೆ ತೋರಿಸುವುದು ಮುಖ್ಯ.

ಪ್ರೋಟೀನಿಗೆ ಆಕಾರವೇ ಜೀವಾಳ

ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆ, ಜಿಮ್ ಪೌಡರ್ ಎಂದಷ್ಟೇ ನಾವು ಅಂದುಕೊಂಡಿರುತ್ತೇವೆ. ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಸಾವಿರಾರು ಬಗೆಯ ಪ್ರೋಟೀನುಗಳು ಕೆಲಸ ಮಾಡುತ್ತಿರುತ್ತವೆ. ಪ್ರತಿ ಪ್ರೋಟೀನೂ ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಒಂದು ಸರ. ಆ ಸರ ತಯಾರಾದ ಮೇಲೆ ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರ ಬಂದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಪೀಣ್ಯದ ಪ್ರೆಸ್ ಶಾಪ್‌ನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೀಟು ಒಂದೇ. ಸರಿಯಾಗಿ ಬೆಂಡ್ ಆದರೆ ಬ್ರಾಕೆಟ್, ತಪ್ಪಾದರೆ ಸ್ಕ್ರ್ಯಾಪ್. ಸಾಮಾನ್ಯವಾಗಿ ಜೀವಕೋಶವೂ ಹೀಗೆ ಕೆಟ್ಟ ಮಾಲನ್ನು ಗುರುತಿಸಿ ಒಡೆದುಹಾಕುತ್ತದೆ.

ಪ್ರಿಯಾನ್ ಪ್ರೋಟೀನ್ ನಮ್ಮೆಲ್ಲರ ಮಿದುಳಿನಲ್ಲೂ ಇದೆ. ಅದು ಇರುವುದು ರೋಗವಲ್ಲ. ತೊಂದರೆ ಶುರುವಾಗುವುದು ಅದರಲ್ಲಿ ಒಂದು ಪ್ರತಿ ತಪ್ಪಾಗಿ ಮಡಚಿಕೊಂಡಾಗ. ಸ್ಪ್ರಿಂಗಿನಂತೆ ಸುರುಳಿಯಾಗಿದ್ದ ಭಾಗಗಳು ಚಪ್ಪಟೆ ಪಟ್ಟಿಗಳಾಗಿ ಒಂದರ ಮೇಲೊಂದು ಕೂರಲು ಶುರು ಮಾಡುತ್ತವೆ. ಇಲ್ಲಿ ಸ್ಕ್ರ್ಯಾಪ್ ಸುಮ್ಮನೆ ಬಿದ್ದಿರುವುದಿಲ್ಲ. ಆ ಕೆಟ್ಟ ತುಂಡೇ ಡೈ ಆಗಿ, ಪಕ್ಕದಲ್ಲಿರುವ ಒಳ್ಳೆಯ ತುಂಡುಗಳನ್ನೂ ತನ್ನಂತೆಯೇ ಬಗ್ಗಿಸುತ್ತಾ ಹೋಗುತ್ತದೆ. ಅವು ಗುಂಪುಗಟ್ಟಿ ಎಳೆಗಳಾಗುತ್ತವೆ. ನರಕೋಶಗಳು ಸಾಯುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಿದುಳು ಸ್ಪಂಜಿನಂತೆ ತೂತುತೂತಾಗಿ ಕಾಣುತ್ತದೆ.

ಇದನ್ನು ಹಾಲಿಗೆ ಹೆಪ್ಪು ಹಾಕುವುದಕ್ಕೂ ಹೋಲಿಸಬಹುದು. ಒಂದು ಚಮಚ ಮೊಸರು ಇಡೀ ಪಾತ್ರೆಯ ಹಾಲನ್ನು ಮೊಸರಾಗಿಸುತ್ತದೆ. ಒಂದೇ ವ್ಯತ್ಯಾಸವೆಂದರೆ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ, ಪ್ರಿಯಾನಿನಲ್ಲಿ ಜೀವವೇ ಇಲ್ಲ. ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದ್ದೂ ಇದೇ ಒಗಟು.

ಜೀವವಿಲ್ಲದೆ ರೋಗ ಹರಡುವುದು ಹೇಗೆ?

ಬ್ರಿಟನ್ನಿನ ಕುರಿಗಳಲ್ಲಿ ಸ್ಕ್ರೇಪಿ ಎಂಬ ಕಾಯಿಲೆ 18ನೇ ಶತಮಾನದಿಂದಲೇ ಗೊತ್ತಿತ್ತು. 1920 ಮತ್ತು 1921ರಲ್ಲಿ ಜರ್ಮನಿಯ ಕ್ರಾಯ್ಟ್ಸ್‌ಫೆಲ್ಟ್ ಮತ್ತು ಯಾಕೋಬ್ ಎಂಬ ವೈದ್ಯರು ಮನುಷ್ಯರ ಮಿದುಳಿನ ಒಂದು ಕಾಯಿಲೆಯನ್ನು ವಿವರಿಸಿದರು. ಇಂದು ಅದನ್ನು ಸಿಜೆಡಿ ಎನ್ನುತ್ತೇವೆ. ಮನುಷ್ಯರಿಗೆ ಬರುವ ಪ್ರಿಯಾನ್ ಕಾಯಿಲೆಗಳಲ್ಲಿ ಹೆಚ್ಚಿನವು ಇದೇ. 1950ರ ದಶಕದಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರಲ್ಲಿ ಕುರು ಎಂಬ ಕಾಯಿಲೆ ಹೊರಜಗತ್ತಿಗೆ ತಿಳಿಯಿತು. ಸತ್ತ ಬಂಧುಗಳ ದೇಹವನ್ನು ತಿನ್ನುವ ಅಂತ್ಯಸಂಸ್ಕಾರದ ಪದ್ಧತಿಯಿಂದ ಅದು ಹರಡುತ್ತಿತ್ತು. ಪದ್ಧತಿ ನಿಂತಿತು, ಕಾಯಿಲೆಯೂ ಕ್ರಮೇಣ ಇಲ್ಲವಾಯಿತು. ಈ ಸಂಶೋಧನೆಗಾಗಿ ಕಾರ್ಲ್‌ಟನ್ ಗಜ್ಡುಸೆಕ್ ಅವರಿಗೆ 1976ರಲ್ಲಿ ನೊಬೆಲ್ ಬಂತು.

ಎಲ್ಲರೂ ಇದು ನಿಧಾನವಾಗಿ ಬೆಳೆಯುವ ವೈರಸ್ ಎಂದೇ ನಂಬಿದ್ದರು. ಆದರೆ 1960ರ ದಶಕದಲ್ಲಿ ಟಿಕ್ವಾ ಆಲ್ಪರ್ ಎಂಬ ವಿಜ್ಞಾನಿ ಸ್ಕ್ರೇಪಿಯ ವಸ್ತುವಿನ ಮೇಲೆ ವಿಕಿರಣ ಹಾಯಿಸಿ ನೋಡಿದರು. ವಂಶವಾಹಿಯನ್ನು ಹಾಳುಮಾಡುವಷ್ಟು ವಿಕಿರಣ ಬಿದ್ದರೂ ಅದರ ಸೋಂಕಿನ ಶಕ್ತಿ ಹೋಗಲಿಲ್ಲ. ಅಂದರೆ ಅದರಲ್ಲಿ ವಂಶವಾಹಿಯೇ ಇಲ್ಲವೇನೋ ಎಂಬ ಅನುಮಾನ ಹುಟ್ಟಿತು.

ಅಮೆರಿಕದ ಸ್ಟ್ಯಾನ್ಲಿ ಪ್ರುಸಿನರ್ 1972ರಲ್ಲಿ ಒಬ್ಬ ಸಿಜೆಡಿ ರೋಗಿಯನ್ನು ನೋಡಿಕೊಂಡರು. ತಮ್ಮ ಕಣ್ಣೆದುರೇ ಆ ರೋಗಿ ಕುಸಿದದ್ದು ಅವರನ್ನು ಈ ದಾರಿಗೆ ಎಳೆಯಿತು. ಹತ್ತು ವರ್ಷದ ಬಳಿಕ, 1982ರಲ್ಲಿ, ಇದು ಪ್ರೋಟೀನಿನಿಂದಾದ ಸೋಂಕು ಎಂದು ಹೇಳಿ ಅದಕ್ಕೆ 'ಪ್ರಿಯಾನ್' ಎಂದು ಹೆಸರಿಟ್ಟರು. ಹಲವರು ಒಪ್ಪಲಿಲ್ಲ. ಪುರಾವೆ ಒಂದೊಂದಾಗಿ ಸೇರಿದ ಮೇಲೆ 1997ರಲ್ಲಿ ಅವರಿಗೂ ನೊಬೆಲ್ ಬಂತು.

ಆದರೂ ಒಂದು ಪ್ರಶ್ನೆ ಉಳಿದೇ ಇತ್ತು. ಸರಿಯಾಗಿದ್ದ ಪ್ರೋಟೀನ್ ಮೊದಲ ಬಾರಿಗೆ ತಪ್ಪು ಆಕಾರಕ್ಕೆ ಜಾರುವುದು ಹೇಗೆ? ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಒಂದು ಲ್ಯಾಬ್ ಕೂಡ ಇದೆ.

ಬಳ್ಳಾರಿ ರಸ್ತೆಯ ಲ್ಯಾಬ್

ಜಯಂತ್ ಉದ್ಗಾಂವ್ಕರ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬಾಲ್ಡ್ವಿನ್ ಎಂಬ ಹೆಸರಾಂತ ವಿಜ್ಞಾನಿಯ ಜೊತೆ ಪ್ರೋಟೀನ್ ಮಡಚಿಕೊಳ್ಳುವುದನ್ನು ಅಭ್ಯಾಸ ಮಾಡಿದವರು. 1988ರಲ್ಲಿ ಇಬ್ಬರೂ ಸೇರಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪ್ರೋಟೀನ್ ಪೂರ್ತಿ ಮಡಚಿಕೊಳ್ಳುವ ಮೊದಲು ನಡುವೆ ಒಂದು ಹಂತದಲ್ಲಿ ಅದು ಹೇಗಿರುತ್ತದೆ ಎಂಬುದನ್ನು ಅವರು ಹಿಡಿದು ತೋರಿಸಿದ್ದರು.

ಅಲ್ಲಿಂದ ಅವರು ಬೆಂಗಳೂರಿಗೆ ಬಂದರು. 1990ರ ದಶಕದ ಆರಂಭದಿಂದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಲ್ಯಾಬ್ ಕಟ್ಟಿದರು. ಮೊದಲು ಐಐಎಸ್ಸಿ ಆವರಣದಲ್ಲಿದ್ದ ಆ ಕೇಂದ್ರ ಆಮೇಲೆ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣಕ್ಕೆ ಬಂತು. ಕೃಷಿ ಮೇಳಕ್ಕೆ ಜಿಕೆವಿಕೆಗೆ ಹೋದವರು ಅದರ ಹತ್ತಿರದಲ್ಲೇ ಓಡಾಡಿರುತ್ತೀರಿ.

ಅವರು ನೇರವಾಗಿ ಪ್ರಿಯಾನಿಗೆ ಕೈ ಹಾಕಲಿಲ್ಲ. ಮೊದಲು ಆರಿಸಿಕೊಂಡದ್ದು ಬಾರ್‌ಸ್ಟಾರ್ ಎಂಬ ಪುಟ್ಟ ಪ್ರೋಟೀನ್. ಅದು ಒಂದು ಬ್ಯಾಕ್ಟೀರಿಯಾದ್ದು, ಅದರಲ್ಲಿರುವುದು 89 ಅಮೈನೊ ಆಮ್ಲಗಳು. ಇನ್ನೊಂದು ಮೊನೆಲಿನ್. ಅದು ಆಫ್ರಿಕಾದ ಒಂದು ಹಣ್ಣಿನಿಂದ ಬಂದದ್ದು, ಸಕ್ಕರೆಗಿಂತ ಎಷ್ಟೋ ಪಟ್ಟು ಸಿಹಿ. ಎರಡಕ್ಕೂ ಯಾವ ಕಾಯಿಲೆಯ ನಂಟೂ ಇಲ್ಲ. "ಇದರಿಂದ ಜನರಿಗೇನು ಲಾಭ?" ಎಂದು ಯಾರಾದರೂ ಕೇಳಬಹುದಿತ್ತು. ಆದರೆ ಸರಿಯಾಗಿ ಮಡಚುವುದು ಹೇಗೆಂದು ಗೊತ್ತಿಲ್ಲದೆ ತಪ್ಪುವುದು ಎಲ್ಲಿ ಎಂದು ಹೇಳಲಾಗದು. ಈ ಸರಳ ಪ್ರೋಟೀನುಗಳಿಂದ ತಿಳಿದ ಒಂದು ಮುಖ್ಯ ಸಂಗತಿ: ಮಡಚಿಕೊಳ್ಳಲು ಒಂದೇ ದಾರಿ ಇಲ್ಲ, ಹಲವು ದಾರಿಗಳಿವೆ. ಕಾಯಿಲೆಯೇ ತರದ ಬಾರ್‌ಸ್ಟಾರ್ ಕೂಡ ಆಮ್ಲೀಯ ದ್ರಾವಣದಲ್ಲಿ ಬಿಸಿ ಮಾಡಿದರೆ ತಪ್ಪು ಎಳೆಗಳಾಗಿ ಗುಂಪುಗಟ್ಟಬಲ್ಲದು. ಈ ಕೆಲಸಕ್ಕೆ ಅವರಿಗೆ 2000ದಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಆಮೇಲೆ ಅವರೂ ಅವರ ವಿದ್ಯಾರ್ಥಿಗಳೂ ಇಲಿಯ ಪ್ರಿಯಾನ್ ಪ್ರೋಟೀನನ್ನೂ, ಆಲ್ಜೈಮರ್ಸ್‌ಗೆ ಸಂಬಂಧಿಸಿದ ಟೌ ಎಂಬ ಪ್ರೋಟೀನನ್ನೂ ಕೈಗೆತ್ತಿಕೊಂಡರು. ಪ್ರಿಯಾನ್ ಪ್ರೋಟೀನನ್ನು ಪ್ರಾಣಿಗಳ ಮಿದುಳಿನಿಂದ ತೆಗೆಯಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಅದನ್ನು ತಯಾರಿಸಿ, ಶುದ್ಧ ಮಾಡಿ, ಕೊಳವೆಯಲ್ಲಿ ಪ್ರಯೋಗ ನಡೆಸಿದರು.

ಅವರು ಬಳಸಿದ ಒಂದು ಉಪಾಯ ಸ್ವಾರಸ್ಯವಾಗಿದೆ. ಪ್ರೋಟೀನನ್ನು ಭಾರಜಲದಲ್ಲಿ ಇಡುತ್ತಾರೆ. ಭಾರಜಲದ ಹೈಡ್ರೋಜನ್ ಮಾಮೂಲಿ ಹೈಡ್ರೋಜನ್‌ಗಿಂತ ತೂಕ ಹೆಚ್ಚು. ಪ್ರೋಟೀನಿನ ಯಾವ ಭಾಗ ಸಡಿಲವಾಗಿ ಬಿಚ್ಚಿಕೊಳ್ಳುತ್ತದೋ ಅಲ್ಲಿಗೆ ಭಾರದ ಹೈಡ್ರೋಜನ್ ಹೊಕ್ಕು ತೂಕ ಹೆಚ್ಚುತ್ತದೆ. ಗಟ್ಟಿಯಾಗಿ ಮುಚ್ಚಿರುವ ಭಾಗದ ತೂಕ ಹೆಚ್ಚುವುದಿಲ್ಲ. ಮಳೆಯಲ್ಲಿ ನೆನೆದು ಬಂದವರ ರೈನ್‌ಕೋಟ್ ಎಲ್ಲಿ ಹರಿದಿದೆ ಎಂದು ಒಳಗಿನ ಬಟ್ಟೆಯ ಒದ್ದೆ ನೋಡಿ ಹೇಳುವ ಹಾಗೆ.

ಇದರಿಂದ ಗೊತ್ತಾದದ್ದು ಏನು? ಪ್ರಿಯಾನ್ ಪ್ರೋಟೀನ್ ಒಮ್ಮೆಗೇ ಪೂರ್ತಿ ಬಿಚ್ಚಿಕೊಂಡು ಕೆಡುವುದಿಲ್ಲ. ಮೊದಲು ಅದರ ಕೆಲವು ಭಾಗಗಳು ಮಾತ್ರ ಸಡಿಲವಾಗುತ್ತವೆ. ಆಮ್ಲೀಯ ವಾತಾವರಣ ಮತ್ತು ಉಪ್ಪಿನಂಶ ಇದ್ದಾಗ ಹಾಗೆ ಸಡಿಲವಾದವು ಒಂದಕ್ಕೊಂದು ಅಂಟಿ ಸಣ್ಣ ಗುಂಪುಗಳಾಗುತ್ತವೆ. ಗುಂಪುಗಳು ಹಂತಹಂತವಾಗಿ ಎಳೆಗಳಾಗುತ್ತವೆ. ಮನುಷ್ಯರಲ್ಲಿ ವಂಶಪಾರಂಪರ್ಯವಾಗಿ ಪ್ರಿಯಾನ್ ಕಾಯಿಲೆ ತರುವ ಕೆಲವು ಬದಲಾವಣೆಗಳನ್ನು ಇಲಿಯ ಪ್ರೋಟೀನಿನಲ್ಲಿ ಮಾಡಿ ನೋಡಿದಾಗ, ಈ ಗುಂಪುಗಟ್ಟುವಿಕೆ ಇನ್ನೂ ಬೇಗ ನಡೆಯಿತು.

ಹಂತಗಳು ಗೊತ್ತಾದರೆ ಯಾವ ಹಂತದಲ್ಲಿ ತಡೆಯಬಹುದು ಎಂದು ಯೋಚಿಸಬಹುದು. ಇದು ಮದ್ದಲ್ಲ, ಮದ್ದಿನ ದಾರಿಯಲ್ಲಿ ಒಂದು ಮೆಟ್ಟಿಲು. ಉದ್ಗಾಂವ್ಕರ್ ಅವರು 2017ರಲ್ಲಿ ಪುಣೆಯ ಐಸರ್ ಸಂಸ್ಥೆಯ ನಿರ್ದೇಶಕರಾಗಿ ಹೋದರು. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಅವರು ಹಿಡಿದದ್ದು ಒಂದೇ ಪ್ರಶ್ನೆ: ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ?

ಹೊಸೂರು ರಸ್ತೆಯ ಆಸ್ಪತ್ರೆ

ಲ್ಯಾಬಿನಲ್ಲಿ ಪ್ರೋಟೀನ್ ಇದ್ದರೆ, ಆಸ್ಪತ್ರೆಯಲ್ಲಿ ಮನುಷ್ಯರಿರುತ್ತಾರೆ. ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನ ವೈದ್ಯರು ಈ ಕಾಯಿಲೆಯನ್ನು ಬಹಳ ಹಿಂದಿನಿಂದಲೇ ದಾಖಲಿಸುತ್ತಾ ಬಂದಿದ್ದಾರೆ. ನರರೋಗ ತಜ್ಞ ಪಿ. ಸತೀಶ್ಚಂದ್ರ ಮತ್ತು ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಅವರು 1971ರಿಂದ 1990ರವರೆಗೆ ಭಾರತದಲ್ಲಿ ಕಂಡ ಸಿಜೆಡಿ ಬಗ್ಗೆ 1991ರಲ್ಲಿ ಪ್ರಬಂಧ ಪ್ರಕಟಿಸಿದರು. "ಇದು ವಿದೇಶದ ಕಾಯಿಲೆ, ನಮ್ಮಲ್ಲಿಲ್ಲ" ಎನ್ನುವವರಿಗೆ ಅದೇ ಉತ್ತರ. ಶಂಕರ್ ಅವರು ಕಟ್ಟಿ ಬೆಳೆಸಿದ ನಿಮ್ಹಾನ್ಸ್‌ನ ಮಿದುಳು ಬ್ಯಾಂಕ್, ಕುಟುಂಬಗಳು ದಾನ ಕೊಟ್ಟ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಾಡುತ್ತದೆ.

ಕಾಯಿಲೆ ಎಷ್ಟು ಅಪರೂಪ? ಚೆನ್ನಾಗಿ ಲೆಕ್ಕ ಇಟ್ಟಿರುವ ದೇಶಗಳಲ್ಲಿ ವರ್ಷಕ್ಕೆ 10 ಲಕ್ಷ ಜನರಿಗೆ 1ರಿಂದ 2 ಪ್ರಕರಣ. ಅದೇ ಲೆಕ್ಕ ಹಿಡಿದರೆ ಒಂದು ಕೋಟಿ ಜನರ ನಗರದಲ್ಲಿ ವರ್ಷಕ್ಕೆ 10ರಿಂದ 20 ಕುಟುಂಬಗಳು. ನಗರಕ್ಕೆ ಅದು ಸಣ್ಣ ಸಂಖ್ಯೆ. ಆ ಕುಟುಂಬಗಳ ಪಾಲಿಗೆ ಲೋಕವೇ ತಲೆಕೆಳಗಾದಂತೆ.

ಹೆಪ್ಪು ಹಾಕಿ ನೋಡುವ ಪರೀಕ್ಷೆ

ಎಂಆರ್‌ಐ, ಇಇಜಿ ಮತ್ತು ಬೆನ್ನುಹುರಿಯ ನೀರಿನ ಪರೀಕ್ಷೆಗಳಿಂದ ವೈದ್ಯರು ಸಿಜೆಡಿಯನ್ನು ಗುರುತಿಸುತ್ತಾರೆ. 2010ರ ದಶಕದಲ್ಲಿ ಇದಕ್ಕೆ ಆರ್‌ಟಿ-ಕ್ವಿಕ್ ಎಂಬ ಹೊಸ ಪರೀಕ್ಷೆ ಸೇರಿತು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಒಳ್ಳೆಯ ಪ್ರಿಯಾನ್ ಪ್ರೋಟೀನಿಗೆ ರೋಗಿಯ ಬೆನ್ನುಹುರಿಯ ನೀರನ್ನು ಸ್ವಲ್ಪ ಬೆರೆಸಿ ಅಲುಗಾಡಿಸುತ್ತಾರೆ. ನೀರಿನಲ್ಲಿ ಕೆಟ್ಟ ಪ್ರಿಯಾನ್ ಇದ್ದರೆ ಒಳ್ಳೆಯ ಪ್ರೋಟೀನೂ ಎಳೆಗಟ್ಟುತ್ತದೆ, ಅದಕ್ಕೆ ಸೇರಿಸಿದ ಬಣ್ಣ ಹೊಳೆಯುತ್ತದೆ. ಅಕ್ಷರಶಃ ಹೆಪ್ಪು ಹಾಕಿ ನೋಡುವುದೇ. ಇದು ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ. ಆದರೆ ಕೊಳವೆಯಲ್ಲಿ ಪ್ರೋಟೀನ್ ಎಳೆಗಟ್ಟುವುದನ್ನು ನೋಡುತ್ತಾ ಕೂತ ವಿಜ್ಞಾನಿಗಳ ಕೆಲಸದಿಂದ ರೋಗಿಗೆ ಏನು ಲಾಭ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಫಾರ್ವರ್ಡ್ ಹೇಳುವುದು, ವಿಜ್ಞಾನ ಹೇಳುವುದು

"ಮಾಂಸ ತಿಂದರೆ ಬರುತ್ತದೆ." ಸಿಜೆಡಿ ರೋಗಿಗಳಲ್ಲಿ ಸುಮಾರು 85 ಶೇಕಡಾ ಜನರಿಗೆ ಹೊರಗಿನ ಯಾವ ಕಾರಣವೂ ಇರುವುದಿಲ್ಲ. 10ರಿಂದ 15 ಶೇಕಡಾ ವಂಶಪಾರಂಪರ್ಯ. ಹೊರಗಿನಿಂದ ಬಂದದ್ದು 1 ಶೇಕಡಾಕ್ಕಿಂತ ಕಡಿಮೆ. ಸಸ್ಯಾಹಾರಿಗಳಿಗೂ ಇದು ಬರಬಹುದು. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಿದ 'ಹುಚ್ಚು ಹಸು ರೋಗ' ಮಾತ್ರ ನಿಜಕ್ಕೂ ಆಹಾರದಿಂದ ಮನುಷ್ಯರಿಗೆ ಬಂದಿತ್ತು. ದನಗಳಿಗೆ ದನಗಳದೇ ಮಾಂಸ, ಮೂಳೆಯ ಪುಡಿಯನ್ನು ತಿನ್ನಿಸಿದ್ದು ಅದು ಹಬ್ಬಲು ಕಾರಣ. 1.8 ಲಕ್ಷಕ್ಕೂ ಹೆಚ್ಚು ದನಗಳಲ್ಲಿ ಅದು ದೃಢಪಟ್ಟಿತು, ಆ ದೇಶದಲ್ಲಿ 178 ಜನರಿಗೆ ಬಂತು. ಮೇವಿನ ನಿಯಮ ಬಿಗಿಯಾದ ಮೇಲೆ ಅದು ಇಳಿಯಿತು. ಭಾರತದ ದನಗಳಲ್ಲಿ ಆ ರೋಗ ವರದಿಯಾಗಿಲ್ಲ.

"ಜೋಂಬಿ ಜಿಂಕೆ ರೋಗ ಮನುಷ್ಯರಿಗೆ ಬಂದಿದೆ." ಆ ರೋಗ ನಿಜ, ಅದೂ ಪ್ರಿಯಾನ್ ಕಾಯಿಲೆಯೇ. ಮುಖ್ಯವಾಗಿ ಉತ್ತರ ಅಮೆರಿಕದ ಜಿಂಕೆಗಳಲ್ಲಿದೆ. ಮನುಷ್ಯರಿಗೆ ಹರಡಿದ್ದು ಎಂದು ದೃಢಪಟ್ಟ ಒಂದು ಪ್ರಕರಣವೂ ಇಲ್ಲ.

"ಕೋವಿಡ್ ಲಸಿಕೆಯಿಂದ ಪ್ರಿಯಾನ್ ಬರುತ್ತದೆ." ಹಾಗೆಂದು ತೋರಿಸುವ ಪುರಾವೆ ಇಲ್ಲ. ಲಸಿಕೆ ಪಡೆದವರಲ್ಲಿ ಯಾರಿಗೋ ಆಮೇಲೆ ಸಿಜೆಡಿ ಬಂದರೆ ಅದು ಲಸಿಕೆಯಿಂದಲೇ ಬಂತು ಎಂದಾಗುವುದಿಲ್ಲ. ಕೋಟಿಗಟ್ಟಲೆ ಜನ ಲಸಿಕೆ ಪಡೆದಾಗ, ಹೇಗಿದ್ದರೂ ಬರಲಿದ್ದ ಕಾಯಿಲೆ ಅವರಲ್ಲಿ ಕೆಲವರಿಗೆ ಬಂದೇ ಬರುತ್ತದೆ.

"ಬೇಯಿಸಿದರೂ ಸಾಯುವುದಿಲ್ಲ." ಈ ಮಾತು ಅರ್ಧ ಸತ್ಯ. ಪ್ರಿಯಾನ್ ಮಾಮೂಲಿ ಕುದಿತಕ್ಕೆ ಬಗ್ಗುವುದಿಲ್ಲ. ಹಾಗಾಗಿ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ವಿಶೇಷ ನಿಯಮ ಪಾಲಿಸುತ್ತವೆ. ಸೋಂಕಿರುವ ಮಿದುಳಿನ ಅಂಗಾಂಶ ತಾಗಿದ ಉಪಕರಣಗಳ ಬಗ್ಗೆ ಈ ಎಚ್ಚರಿಕೆ, ನಿಮ್ಮ ಅಡುಗೆಮನೆಯ ಕುಕ್ಕರಿನ ಬಗ್ಗೆ ಅಲ್ಲ.

"ಮಿದುಳಿನ ಪ್ರಿಯಾನ್ ಕರಗಿಸುವ ಕಷಾಯ." ಅಂಥದ್ದು ಇಲ್ಲ. ದುಡ್ಡು ಕಳೆದುಕೊಳ್ಳಬೇಡಿ.

ಮನೆಯಲ್ಲಿ ಒಬ್ಬರು ಹೀಗಾದರೆ

ಸಿಜೆಡಿ ಹೆಚ್ಚಾಗಿ ಬರುವುದು 60 ದಾಟಿದವರಿಗೆ. ಮಾಮೂಲಿ ಮರೆವು ವರ್ಷಗಳಲ್ಲಿ ಹೆಚ್ಚುತ್ತದೆ. ಇದು ವಾರಗಳಲ್ಲಿ ಹೆಚ್ಚುತ್ತದೆ. ಕಳೆದ ತಿಂಗಳು ಒಬ್ಬರೇ ತರಕಾರಿ ತಂದ ಅಪ್ಪ ಈ ತಿಂಗಳು ಬಾತ್‌ರೂಮಿನ ದಾರಿ ಮರೆಯುತ್ತಾರೆ. ನಡಿಗೆ ತೂರಾಡುತ್ತದೆ, ಕೈಕಾಲು ಇದ್ದಕ್ಕಿದ್ದಂತೆ ಬೆಚ್ಚಿಬೀಳುತ್ತವೆ, ಮಾತು ಕಡಿಮೆಯಾಗುತ್ತದೆ. ಹೆಚ್ಚಿನವರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ.

ಆದರೆ ಹೀಗೆ ವಾರಗಳಲ್ಲಿ ಹೆಚ್ಚುವ ಮರೆವೆಲ್ಲ ಸಿಜೆಡಿ ಅಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವ ಉರಿಯೂತ, ಟಿಬಿ ಅಥವಾ ಹರ್ಪಿಸ್‌ನಂಥ ಸೋಂಕು, ಬಿ12 ಕೊರತೆ, ಥೈರಾಯ್ಡ್ ತೊಂದರೆ, ಸೋಡಿಯಂ ಇಳಿಕೆ, ಬಿದ್ದ ಮೇಲೆ ತಲೆಯೊಳಗೆ ನಿಂತ ರಕ್ತ, ಮೇಲ್ನೋಟಕ್ಕೆ ಕಾಣದ ಫಿಟ್ಸ್ ಕೂಡ ಹೀಗೇ ಕಾಣಬಹುದು. ಇವುಗಳಿಗೆ ಚಿಕಿತ್ಸೆ ಇದೆ. ಬೇಗ ಸಿಕ್ಕರೆ ಅಪ್ಪ ಮತ್ತೆ ತರಕಾರಿ ತರಬಹುದು. "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂದು ವಾರಗಳನ್ನು ಕಳೆಯಬೇಡಿ. ನರರೋಗ ತಜ್ಞರ ಬಳಿ ಕೂಡಲೇ ಕರೆದೊಯ್ಯಿರಿ.

ಸಿಜೆಡಿ ಎಂದೇ ಖಚಿತವಾದರೆ? ಅವರ ಜೊತೆ ಕೂರಿ, ಕೈ ಹಿಡಿಯಿರಿ, ಊಟ ಮಾಡಿಸಿ, ಸ್ನಾನ ಮಾಡಿಸಿ. ಉಸಿರು, ಎಂಜಲು, ಬೆವರು, ಸ್ಪರ್ಶ ಯಾವುದರಿಂದಲೂ ಇದು ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಮೊಮ್ಮಕ್ಕಳನ್ನು ದೂರ ಕಳಿಸಬೇಕಿಲ್ಲ. ರೋಗಿಯ ರಕ್ತ, ಅಂಗಗಳನ್ನು ಮಾತ್ರ ದಾನ ಮಾಡಬಾರದು, ಮತ್ತು ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರಿಗೆ ತಿಳಿಸಬೇಕು. ಕುಟುಂಬದಲ್ಲಿ ಇನ್ನೊಬ್ಬರಿಗೂ ಹೀಗಾಗಿದ್ದರೆ ಆನುವಂಶಿಕ ಸಲಹೆ ಕೇಳಿ.

ಪಕ್ಕದ ಮನೆಯವರಾಗಿ ನಾವು ಮಾಡಬಹುದಾದದ್ದೂ ಇದೆ. ಆ ಮನೆಯ ಬಾಗಿಲು ತಪ್ಪಿಸಿ ನಡೆಯದಿರುವುದು.

ನಿಮ್ಮ ಫ್ರಿಜ್‌ನಲ್ಲೂ ಒಂದು ಮಡಚಿದ ಪ್ರೋಟೀನ್

ಪ್ರೋಟೀನಿನ ಆಕಾರ ಎಂಬುದು ನಿತ್ಯದ ವಿಷಯವೂ ಹೌದು. ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಬೊಮ್ಮಸಂದ್ರ ಭಾಗದಲ್ಲಿ ಬಯೋಕಾನ್ ಕಂಪನಿ ಯೀಸ್ಟ್ ಬಳಸಿ ಇನ್ಸುಲಿನ್ ತಯಾರಿಸುತ್ತದೆ. ಇನ್ಸುಲಿನ್ 51 ಅಮೈನೊ ಆಮ್ಲಗಳ ಪ್ರೋಟೀನ್. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಬಾಕ್ಸಿನಲ್ಲಿ ಬಿಟ್ಟರೆ, ಫ್ರೀಜರಿನಲ್ಲಿ ಗಡ್ಡೆಗಟ್ಟಿಸಿದರೆ ಅಥವಾ ಜೋರಾಗಿ ಅಲುಗಾಡಿಸಿದರೆ ಅದರ ಆಕಾರ ಕೆಟ್ಟು ಗುಂಪುಗಟ್ಟಬಹುದು. ಇದಕ್ಕೂ ಪ್ರಿಯಾನ್ ಕಾಯಿಲೆಗೂ ಸಂಬಂಧವಿಲ್ಲ. ಆದರೆ ಆಕಾರ ಕೆಟ್ಟ ಇನ್ಸುಲಿನ್ ಸಕ್ಕರೆಯನ್ನು ಸರಿಯಾಗಿ ಇಳಿಸುವುದಿಲ್ಲ. ತೆರೆಯದ ಇನ್ಸುಲಿನನ್ನು 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿಗೆ ತಾಗದಂತೆ ಇಡಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ ಅಥವಾ ಅದರಲ್ಲಿ ಕಣ ಕಂಡರೆ ಬಳಸಬೇಡಿ.

ಮದ್ದು ಬರುತ್ತದೆಯೇ?

ಅಮೆರಿಕದಲ್ಲಿ ಕಾನೂನು ಓದಿದ್ದ ಸೋನಿಯಾ ವಲ್ಲಭ್ ಅವರ ತಾಯಿ 2010ರಲ್ಲಿ ವಂಶಪಾರಂಪರ್ಯ ಪ್ರಿಯಾನ್ ಕಾಯಿಲೆಯಿಂದ ತೀರಿಕೊಂಡರು. ತಮ್ಮಲ್ಲೂ ಅದೇ ವಂಶವಾಹಿ ಬದಲಾವಣೆ ಇದೆ ಎಂದು ಮರುವರ್ಷ ತಿಳಿಯಿತು. ಅವರೂ ಅವರ ಪತಿ ಎರಿಕ್ ಮಿನಿಕೆಲ್ ಅವರೂ ತಮ್ಮ ತಮ್ಮ ಕೆಲಸ ಬಿಟ್ಟು ಜೀವವಿಜ್ಞಾನ ಕಲಿತು ಪ್ರಿಯಾನ್ ಸಂಶೋಧಕರಾದರು. ಕೆಟ್ಟ ಆಕಾರವನ್ನು ಸರಿಪಡಿಸುವುದು ಕಷ್ಟವಾದರೆ, ಮಿದುಳಿನಲ್ಲಿ ಆ ಪ್ರೋಟೀನ್ ತಯಾರಾಗುವುದನ್ನೇ ಕಡಿಮೆ ಮಾಡೋಣ ಎಂಬುದು ಅವರ ದಾರಿ. ಹಾಲೇ ಕಡಿಮೆ ಇದ್ದರೆ ಹೆಪ್ಪು ಏನು ಮಾಡೀತು? ಇಂಥ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಆರಂಭದ ಹಂತಗಳು ಶುರುವಾಗಿವೆ. ಫಲಿತಾಂಶ ಬರುವವರೆಗೆ ಅದನ್ನು ಮದ್ದು ಎನ್ನಲಾಗದು.

ಮುಂದಿನ ಸಲ ಆ ಫಾರ್ವರ್ಡ್ ಬಂದಾಗ ಹತ್ತು ಜನರಿಗೆ ಕಳಿಸುವ ಮೊದಲು ಒಂದು ಕ್ಷಣ ನಿಲ್ಲಿ. ನಿಮ್ಮ ಗ್ರೂಪಿನಲ್ಲೇ ಯಾರೋ ಒಬ್ಬರ ಮನೆಯಲ್ಲಿ ಇಂಥ ರೋಗಿ ಇರಬಹುದು. ಅವರಿಗೆ ಬೇಕಿರುವುದು ಭಯವಲ್ಲ, ಎರಡೇ ಮಾತು: ಬೇಗ ತೋರಿಸಿ, ಮುಟ್ಟಲು ಹೆದರಬೇಡಿ. ಕಳಿಸುವುದಿದ್ದರೆ ಅದನ್ನೇ ಕಳಿಸಿ.